ಎತ್ತುವ ಕೈಗೆ ಒಗ್ಗುವ ತೊಟ್ಟಿ

ಕಸದ ತೊಟ್ಟಿಯ ಬಳಿಗೆ ಎರಡು ಬಗೆಯ ಜನ ಬರುತ್ತಾರೆ. ಕಸ ಹಾಕುವವರು ಅದರ ಬಾಯಿಯ ಹತ್ತಿರ ಬಂದು ಕ್ಷಣ ನಿಂತು ಹೋಗುತ್ತಾರೆ. ಬರಿದು ಮಾಡುವವರು ಅದನ್ನು ಎಳೆಯುತ್ತಾರೆ, ಎತ್ತುತ್ತಾರೆ, ಬೋರಲು ಹಾಕುತ್ತಾರೆ, ತಳಕ್ಕೆ ಅಂಟಿದ್ದನ್ನು ಕೆರೆದು ತೆಗೆಯುತ್ತಾರೆ. ಈ ಕೆಲಸ ಬೆಳಗಿನಿಂದ ಮಧ್ಯಾಹ್ನದವರೆಗೆ ಬೀದಿಯಿಂದ ಬೀದಿಗೆ ಸಾಗುತ್ತದೆ. ತೊಟ್ಟಿಗೆ ಹೊಸ ರೂಪ ಕೊಡಲು ಹೊರಟವರ ಯೋಚನೆ ಮಾತ್ರ ಹೆಚ್ಚಾಗಿ ಮೊದಲನೆಯವರ ಸುತ್ತಲೇ ತಿರುಗಿದೆ.

ನಮ್ಮ ಉದ್ಯಾನಗಳಲ್ಲಿ, ಮೃಗಾಲಯಗಳಲ್ಲಿ ಬಾಯಿ ತೆರೆದುಕೊಂಡು ನಿಂತ ಫೈಬರ್ ಪೆಂಗ್ವಿನ್ನುಗಳನ್ನು ಎಲ್ಲರೂ ಬಲ್ಲರು. ಮಕ್ಕಳಿಗೆ ಅವು ಇಷ್ಟ. ಕಡಲೆಕಾಯಿ ಸಿಪ್ಪೆಯನ್ನು ಅವುಗಳ ಬಾಯಿಗೇ ಹಾಕಬೇಕೆಂದು ಓಡುತ್ತಾರೆ. ಒಮ್ಮೆ ಅವುಗಳ ಬೆನ್ನ ಹಿಂದೆ ಹೋಗಿ ನೋಡಬೇಕು. ಕೆಲವಕ್ಕೆ ಬಾಗಿಲೇ ಇರುವುದಿಲ್ಲ, ಕೆಲವುಗಳ ಚಿಲಕ ತುಕ್ಕು ಹಿಡಿದಿರುತ್ತದೆ. ಆಗ ಒಳಗಿನ ಕಸ ಹೊರಬರಲು ಉಳಿದಿರುವ ದಾರಿ ಒಂದೇ: ಅದೇ ಬಾಯಿಯೊಳಗೆ ಯಾರೋ ಭುಜದವರೆಗೆ ಕೈ ತೂರಿಸಬೇಕು. ಒಡೆದ ಗಾಜು ಇದ್ದೀತು, ಕೊಳೆತ ಅನ್ನ ಇದ್ದೀತು, ಸೂಜಿ ಇದ್ದೀತು. ಆ ಪೆಂಗ್ವಿನ್ ಮಾಡಿದವರು ಮಗುವಿನ ಎತ್ತರ ಅಳೆದಿದ್ದರು, ಪೌರಕಾರ್ಮಿಕರ ತೋಳನ್ನು ಅಳೆದಿರಲಿಲ್ಲ. ತೊಟ್ಟಿಯ ಹೊಸತನವನ್ನು ಎತ್ತುವವರ ಮೈಯಿಂದ, ಎತ್ತುವವರ ಬದುಕಿನಿಂದ ಅಳೆಯಬೇಕು ಎಂಬುದು ನನ್ನ ವಾದ. ಹಾಗೆ ಅಳೆದಾಗ ಬಹುಮಾನ ಪಡೆದ ಎಷ್ಟೋ ತೊಟ್ಟಿಗಳು ಹಿಂದೆ ಬೀಳುತ್ತವೆ, ಯಾರೂ ಗಮನಿಸದ ಕೆಲವು ಮುಂದೆ ಬರುತ್ತವೆ.

ಹಾಕುವವರ ಮನಸ್ಸನ್ನು ಒಲಿಸಿಕೊಳ್ಳುವ ತೊಟ್ಟಿಗಳನ್ನು ನಾನು ತಳ್ಳಿಹಾಕುತ್ತಿಲ್ಲ. 2009ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಯ ಪ್ರಚಾರದ ಭಾಗವಾಗಿ ಸ್ಟಾಕ್‌ಹೋಮ್‌ನ ಉದ್ಯಾನವೊಂದರಲ್ಲಿ ಒಂದು ಬುಟ್ಟಿ ಇಟ್ಟಿದ್ದರು. ಒಳಗೆ ಏನಾದರೂ ಹಾಕಿದರೆ ಅದು ಪಾತಾಳಕ್ಕೆ ಬೀಳುತ್ತಿರುವಂತೆ ಉದ್ದನೆಯ ಸದ್ದು, ಕೊನೆಗೆ ದಢಾರೆಂಬ ಪೆಟ್ಟು ಕೇಳುತ್ತಿತ್ತು. ಆ ಸದ್ದಿಗಾಗಿ ಜನ ನೆಲದ ಮೇಲಿನ ಚೂರುಗಳನ್ನೂ ಹೆಕ್ಕಿ ತಂದು ಹಾಕಿದರು. ಒಂದೇ ದಿನ 72 ಕಿಲೋ ಕಸ ಬಿತ್ತು ಎಂದು ಕಂಪನಿ ಹೇಳಿಕೊಂಡಿತು. 2015ರಲ್ಲಿ ಲಂಡನ್ನಿನಲ್ಲಿ ಹಬಬ್ ಎಂಬ ಸಂಸ್ಥೆ ಸಿಗರೇಟಿನ ತುಂಡುಗಳಿಗಾಗಿ ಎರಡು ಕಿಂಡಿಯ ಗಾಜಿನ ಪೆಟ್ಟಿಗೆ ನಿಲ್ಲಿಸಿತು. ರೊನಾಲ್ಡೊ ದೊಡ್ಡ ಆಟಗಾರನೋ ಮೆಸ್ಸಿಯೋ, ನಿಮ್ಮ ಮತವನ್ನು ತುಂಡಿನಿಂದ ಹಾಕಿ ಎಂದಿತು. ಇಂಥ ಉಪಾಯಗಳು ಫಲ ಕೊಡುತ್ತವೆ. ಅವು ಗೆಲ್ಲುವುದು ಹಗುರವಾದ, ಒಣಗಿದ, ಕೈಯಲ್ಲಿ ಹಿಡಿದು ನಡೆಯಬಹುದಾದ ಕಸದ ಮೇಲೆ. ನಮ್ಮ ಊರುಗಳನ್ನು ಹೈರಾಣ ಮಾಡಿರುವ ಕಸ ಬೇರೆಯದು. ಅದು ಅಡುಗೆಮನೆಯಲ್ಲಿ ಹುಟ್ಟುತ್ತದೆ, ನೀರು ತುಂಬಿರುತ್ತದೆ, ಭಾರವಾಗಿರುತ್ತದೆ, ಒಂದು ರಾತ್ರಿ ಕಳೆದರೆ ನಾರುತ್ತದೆ.

ತೊಟ್ಟಿಯನ್ನು ಕಾನೂನಿನ ಮೂಲಕ ಮನೆಮನೆಗೆ ತಂದ ನಗರಗಳಲ್ಲಿ ಪ್ಯಾರಿಸ್‌ನ ಕಥೆ ನಮಗೆ ಹತ್ತಿರದ್ದು. 1883ರ ನವೆಂಬರಿನಲ್ಲಿ ಅಲ್ಲಿನ ಆಡಳಿತಾಧಿಕಾರಿ ಯೂಜೀನ್ ಪುಬೆಲ್ ಒಂದು ಆದೇಶ ಹೊರಡಿಸಿದ. ಪ್ರತಿಯೊಂದು ಕಟ್ಟಡದ ಮಾಲೀಕರೂ ಬಾಡಿಗೆದಾರರಿಗೆ ಮುಚ್ಚಳವಿರುವ ಡಬ್ಬಿ ಒದಗಿಸಬೇಕು. ಕೊಳೆಯುವ ಕಸಕ್ಕೆ ಒಂದು, ಕಾಗದ ಮತ್ತು ಚಿಂದಿಗೆ ಇನ್ನೊಂದು, ಗಾಜು, ಪಿಂಗಾಣಿ, ಸಿಂಪಿಯ ಚಿಪ್ಪುಗಳಿಗೆ ಮತ್ತೊಂದು. 1884ರ ಜನವರಿಯಲ್ಲಿ ಅದು ಜಾರಿಗೆ ಬಂತು. ಹಸಿ ಕಸ, ಒಣ ಕಸ, ಅಪಾಯದ ಕಸ ಎಂದು ನಾವು ಇಂದು ಹೇಳುವ ವಿಂಗಡಣೆಗೆ ಬಹಳ ಹತ್ತಿರವಾದದ್ದು, ನೂರನಲವತ್ತು ವರ್ಷಗಳ ಹಿಂದೆ!

ಆದರೆ ಆ ನಗರದಲ್ಲಿ ಆಗಲೇ ವಿಂಗಡಣೆ ನಡೆಯುತ್ತಿತ್ತು. ರಾತ್ರಿ ಹೊತ್ತು ಲಾಟೀನು, ಬೆತ್ತದ ಬುಟ್ಟಿ, ತುದಿಗೆ ಕೊಕ್ಕೆಯಿರುವ ಕೋಲು ಹಿಡಿದು ಬೀದಿಯ ಗುಡ್ಡೆಗಳನ್ನು ಕೆದಕುವ ಸಾವಿರಾರು ಚಿಂದಿ ಆಯುವವರಿದ್ದರು. ಚಿಂದಿ ಬಟ್ಟೆ ಕಾಗದದ ಗಿರಣಿಗೆ, ಮೂಳೆ ಗುಂಡಿ ಮಾಡುವವರಿಗೆ, ಲೋಹ ಎರಕದವರಿಗೆ ಹೋಗುತ್ತಿತ್ತು. ಮುಚ್ಚಳದ ಡಬ್ಬಿ ಬಂದು, ಬೆಳಗಿನ ಬಂಡಿ ಅದನ್ನು ನೇರವಾಗಿ ಒಯ್ದರೆ ಇವರ ಅನ್ನಕ್ಕೆ ಕುತ್ತು. ಅವರು ಪ್ರತಿಭಟಿಸಿದರು, ಪತ್ರಿಕೆಗಳು ಅವರ ಪರ ಬರೆದವು, ಕೊನೆಗೆ ಬಂಡಿ ಬರುವ ಮೊದಲು ಡಬ್ಬಿಗಳಲ್ಲಿ ಹುಡುಕಿಕೊಳ್ಳಲು ಅವರಿಗೆ ಅವಕಾಶ ಕೊಡಬೇಕಾಯಿತು. ಡಬ್ಬಿ ಉಳಿಯಿತು. ಮೂರು ಡಬ್ಬಿಯ ನಿಯಮ ಮಾತ್ರ ಬೇಗನೆ ಬಳಕೆ ತಪ್ಪಿತು. ಫ್ರಾನ್ಸ್ ಮತ್ತೆ ಬೇರ್ಪಡಿಸಿದ ಕಸದ ಕಡೆ ಹೊರಳಲು ಇಪ್ಪತ್ತನೆಯ ಶತಮಾನದ ಕೊನೆಯ ಭಾಗದವರೆಗೆ ಕಾಯಬೇಕಾಯಿತು.

ಇದನ್ನು ಜನರ ಅಶಿಸ್ತಿನ ಕಥೆಯಾಗಿ ಓದುವುದು ರೂಢಿ. ನನಗೆ ಬೇರೆಯದೇ ಕಾಣುತ್ತದೆ. ಮೂರು ಡಬ್ಬಿಯ ಯೋಜನೆಯಲ್ಲಿ ಮನೆಯ ಮಾಲೀಕನಿದ್ದ, ಬಾಡಿಗೆದಾರನಿದ್ದ, ಬಂಡಿಯವನಿದ್ದ. ಬೇರ್ಪಡಿಸಿದ ಕಸದಿಂದ ಬದುಕುವ, ಬೇರ್ಪಡಿಸುವ ಕೆಲಸವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲ ಚಿಂದಿ ಆಯುವವರು ಮಾತ್ರ ಇರಲಿಲ್ಲ. ಅವರನ್ನು ಹೊರಗಿಟ್ಟ ಮೇಲೆ ಬೇರ್ಪಡಿಸಿಟ್ಟ ಕಾಗದಕ್ಕಾಗಿ ದಿನಬೆಳಗೂ ಕಾದು ನಿಲ್ಲುವ ಕೈ ಯಾವುದಿತ್ತು?

ಇನ್ನು ಭಾರದ ಪ್ರಶ್ನೆ. ಗಾಲಿಯ ತೊಟ್ಟಿ 1968ರಲ್ಲಿ ಇಂಗ್ಲೆಂಡಿನ ಸ್ಲೋ ಪಟ್ಟಣದ ಪ್ಲಾಸ್ಟಿಕ್ ಕಾರ್ಖಾನೆಯೊಂದರಲ್ಲಿ ಹುಟ್ಟಿತು. ಕಾರ್ಖಾನೆಯ ಒಳಗೇ ಕಸ ಸಾಗಿಸಲು ಮಾಡಿಕೊಂಡ ಸರಳ ವಸ್ತು ಅದು. ಎರಡು ಗಾಲಿ, ಒಂದು ಹಿಡಿ, ಅನಂತರ ಲಾರಿಯ ಬಾಚಣಿಗೆಯಂಥ ಕೊಂಡಿಗೆ ಸಿಕ್ಕಿಕೊಳ್ಳುವ ಅಂಚು. ತೊಟ್ಟಿಯ ಚರಿತ್ರೆಯಲ್ಲಿ ಅದಕ್ಕಿಂತ ದೊಡ್ಡ ಉಪಕಾರ ಮಾಡಿದ ವಿನ್ಯಾಸ ನನಗೆ ಕಾಣುವುದಿಲ್ಲ, ಏಕೆಂದರೆ ಹೆಗಲ ಮೇಲೆ ಡ್ರಮ್ಮು ಹೊರುವ ಕೆಲಸವನ್ನು ಅದು ಯಂತ್ರಕ್ಕೆ ಒಪ್ಪಿಸಿತು. ಅದಕ್ಕೂ ಮೂರು ದಶಕ ಮೊದಲು ಅಮೆರಿಕದ ನಾಕ್ಸ್‌ವಿಲ್‌ನಲ್ಲಿ ಜಾರ್ಜ್ ಡೆಂಪ್‌ಸ್ಟರ್ ದೊಡ್ಡ ಕಬ್ಬಿಣದ ಪೆಟ್ಟಿಗೆಗಳನ್ನು ಲಾರಿಯೇ ಎತ್ತುವಂತೆ ಮಾಡಿದ್ದ. ಎರಡರಲ್ಲೂ ತೊಟ್ಟಿ ಮತ್ತು ಗಾಡಿ ಒಂದಕ್ಕೊಂದು ಹೊಂದುವಂತೆ ಬೆಳೆದವು.

ಅವೇ ತೊಟ್ಟಿಗಳನ್ನು ನಾವು ತಂದಾಗ ಹೊಂದಿಕೆ ಮುರಿಯಿತು. ಭಾರತದ ನಗರಗಳ ಕಸದಲ್ಲಿ ಅರ್ಧ ಭಾಗ ಅಥವಾ ಅದಕ್ಕಿಂತ ಹೆಚ್ಚು ಹಸಿ ಕಸ. ಸೊಪ್ಪಿನ ದಂಟು, ಕಾಯಿಯ ನಾರು, ಹಲಸಿನ ತೊಳೆಯ ಉಳಿಕೆ, ಮಿಕ್ಕ ಸಾರು. ನಮ್ಮಲ್ಲಿ ಒಂದು ಘನ ಮೀಟರ್ ಕಸ ಸುಮಾರು 400ರಿಂದ 500 ಕಿಲೋ ತೂಗುತ್ತದೆ. ಡಬ್ಬ, ರಟ್ಟು, ಪೊಟ್ಟಣಗಳೇ ಹೆಚ್ಚಿರುವ ಅಮೆರಿಕ, ಯುರೋಪಿನ ಕಸ ಅದರ ಮೂರನೇ ಒಂದು ಭಾಗವೂ ತೂಗದು. 240 ಲೀಟರಿನ ಗಾಲಿ ತೊಟ್ಟಿ ಅಲ್ಲಿ ತುಂಬಿದರೂ ಒಬ್ಬರು ಸಲೀಸಾಗಿ ಎಳೆಯಬಹುದು. ಇಲ್ಲಿ ಅದೇ ತೊಟ್ಟಿ ಹಸಿ ಕಸದಿಂದ ತುಂಬಿದರೆ ನೂರು ಕಿಲೋ ದಾಟುತ್ತದೆ. ಗುಂಡಿ ಬಿದ್ದ ರಸ್ತೆ, ಮಣ್ಣು ತುಂಬಿದ ಅಂಚು, ಎತ್ತಲು ಕೊಂಡಿಯಿಲ್ಲದ ಗಾಡಿ ಬೇರೆ. ಗಾಲಿಯ ಇರುಸು ಮುರಿಯುತ್ತದೆ, ಮತ್ತೆ ಇಬ್ಬರು ಸೇರಿ ಎತ್ತುತ್ತಾರೆ.

ಬೆಂಗಳೂರಿನ ಯಾವ ಬಡಾವಣೆಯಲ್ಲಾದರೂ ಬೆಳಿಗ್ಗೆ ಏಳರ ಹೊತ್ತಿಗೆ ಈ ಕೆಲಸ ನೋಡಬಹುದು. ತಳ್ಳುಗಾಡಿಯ ಮೇಲೆ ಡ್ರಮ್ಮುಗಳು. ಮನೆಮನೆಯ ಬುಟ್ಟಿ ಅದಕ್ಕೆ ಬೀಳುತ್ತದೆ. ಆಟೋ ಟಿಪ್ಪರ್ ಬಂದಾಗ ಪೌರಕಾರ್ಮಿಕ ಮಹಿಳೆ ಆ ಡ್ರಮ್ಮನ್ನು ಎದೆಮಟ್ಟಕ್ಕಿಂತ ಮೇಲೆ ಎತ್ತಿ ಸುರಿಯಬೇಕು. ಅಂಚಿನಿಂದ ಕಸದ ರಸ ಮುಂಗೈ ಮೇಲೆ, ಸೆರಗಿನ ಮೇಲೆ ಇಳಿಯುತ್ತದೆ. 60 ಲೀಟರಿನ ಡ್ರಮ್ಮು ಹಸಿ ಕಸ ಎಂದರೆ ಇಪ್ಪತ್ತೈದು, ಮೂವತ್ತು ಕಿಲೋ. ಸಿಮೆಂಟಿನ ಮೂಟೆಯ ಅರ್ಧ ಭಾರ, ಅದೂ ಹಿಡಿಯಲು ಸರಿಯಾದ ಕಿವಿಯಿಲ್ಲದ ಜಾರುವ ಪ್ಲಾಸ್ಟಿಕ್ಕು. ಇಲ್ಲಿ ಬೇಕಿರುವ ವಿನ್ಯಾಸಕ್ಕೆ ಸೌರಫಲಕ ಬೇಡ. ಡ್ರಮ್ಮಿನ ಎರಡು ಬದಿಗೆ ಕೈ ಪೂರ್ತಿ ಹೋಗುವಂಥ ಹಿಡಿ, ತಳದಲ್ಲಿ ಬೆರಳು ಸಿಕ್ಕಿಸಲು ತೋಡು, ಬೋರಲು ಹಾಕಿದ ಕೂಡಲೇ ಕಸ ಜಾರುವಂತೆ ಕೆಳಗೆ ಕಿರಿದಾಗುವ ಆಕಾರ, ಒಳಗೆ ಅಂಟು ಹಿಡಿಯದ ನಯ, ರಸ ಇಳಿದು ನಿಲ್ಲಲು ತಳದಲ್ಲೊಂದು ತಟ್ಟೆ. ಇವಕ್ಕಿಂತ ಹೆಚ್ಚು ಬೇಕಾದದ್ದು, ಟಿಪ್ಪರಿನ ಒಂದು ಬದಿಯ ಅಂಚು ಸೊಂಟದ ಮಟ್ಟಕ್ಕೆ ಇಳಿಯುವುದು. ಗಾಡಿಯನ್ನು ಬದಲಿಸದೆ ಡ್ರಮ್ಮನ್ನು ಮಾತ್ರ ಸುಧಾರಿಸಿದರೆ ಅರ್ಧ ಕೆಲಸವೂ ಆಗದು.

ಹಾಗಿದ್ದರೆ ಎತ್ತುವವರಿಗೆ ಹಗುರವಾದದ್ದೆಲ್ಲ ಊರಿಗೂ ಒಳ್ಳೆಯದೇ ಎಂದು ಕೇಳಬಹುದು. ಇದು ಗಟ್ಟಿಯಾದ ಆಕ್ಷೇಪ, ಅದಕ್ಕೆ ನ್ಯೂಯಾರ್ಕ್ ಸಾಕ್ಷಿ. 1968ರ ಫೆಬ್ರವರಿಯಲ್ಲಿ ಅಲ್ಲಿ ಕಸದ ಕಾರ್ಮಿಕರು ಒಂಬತ್ತು ದಿನ ಮುಷ್ಕರ ಹೂಡಿದರು. ಅನಂತರದ ವರ್ಷಗಳಲ್ಲಿ ತಗಡಿನ ಡಬ್ಬಿಗಳ ಜಾಗಕ್ಕೆ ಪ್ಲಾಸ್ಟಿಕ್ ಚೀಲಗಳು ಬಂದವು. ಚೀಲ ಹಗುರ, ಸದ್ದಿಲ್ಲ, ಎಸೆದರೆ ಲಾರಿಯೊಳಗೆ, ಕಾರ್ಮಿಕರು ಸ್ವಾಗತಿಸಿದರು. ಆದರೆ ಪಾದಚಾರಿ ದಾರಿಯ ಮೇಲೆ ಚೀಲಗಳ ಬೆಟ್ಟ ಬೆಳೆಯಿತು, ಇಲಿಗಳಿಗೆ ದಿನವೂ ಹಬ್ಬವಾಯಿತು. ಐದು ದಶಕಗಳ ನಂತರ ಆ ನಗರ ಮತ್ತೆ ಮುಚ್ಚಳದ ತೊಟ್ಟಿಗೆ ಮರಳುತ್ತಿದೆ. 2024ರ ನವೆಂಬರಿನಿಂದ ಒಂಬತ್ತು ಮನೆಗಳವರೆಗಿನ ಕಟ್ಟಡಗಳಿಗೆ ಅದು ಕಡ್ಡಾಯ. ಆದರೂ ಈ ಉದಾಹರಣೆಯಿಂದ ನನ್ನ ವಾದ ಬೀಳುವುದಿಲ್ಲ. ಚೀಲ ಬೆನ್ನಿಗೆ ಹಗುರವಾಗಿತ್ತು, ಕೈಕಾಲಿಗೆ ಕ್ಷೇಮವಾಗಿರಲಿಲ್ಲ. ಗಾಜು, ಸೂಜಿ ಚೀಲವನ್ನು ಹರಿದು ಹೊರಬರುತ್ತವೆ, ತೊಡೆಗೆ ಚುಚ್ಚುತ್ತವೆ. ಎತ್ತುವವರ ಒಂದು ಕಷ್ಟ ಕಳೆದು ಇನ್ನೊಂದು ತಂದ ವಿನ್ಯಾಸ ಅದು. ಗಾಲಿ ತೊಟ್ಟಿ ಮತ್ತು ಎತ್ತುವ ಗಾಡಿ ಎರಡೂ ಕಷ್ಟಗಳನ್ನು ಒಟ್ಟಿಗೆ ಕಳೆಯುತ್ತವೆ, ಇಲಿಯನ್ನೂ ಹೊರಗಿಡುತ್ತವೆ.

ಬೆಂಗಳೂರಿನ ತೊಟ್ಟಿಯ ಇತಿಹಾಸ ಮುಖ್ಯವಾಗಿ ತೊಟ್ಟಿಗಳನ್ನು ತೆಗೆದ ಇತಿಹಾಸ. ಹಿಂದೆ ಬೀದಿಯ ಮೂಲೆಯಲ್ಲಿ ಸಿಮೆಂಟಿನ ದುಂಡನೆಯ ತೊಟ್ಟಿಗಳಿದ್ದವು. ಅವು ತುಂಬಿ ಹೊರಚೆಲ್ಲುತ್ತಿದ್ದವು. ದನ, ನಾಯಿ, ಹಂದಿ ಸುತ್ತ ನೆರೆಯುತ್ತಿದ್ದವು. ಕಾರ್ಮಿಕರು ಒಳಗಿಳಿದು ಮಂಕರಿಗೆ ಬಾಚಬೇಕಿತ್ತು. 2000ದ ಸುಮಾರಿಗೆ ಬಂದ ಸ್ವಚ್ಛ ಬೆಂಗಳೂರು ಯೋಜನೆ ಅವನ್ನು ತೆಗೆದು ಮನೆ ಬಾಗಿಲಿನಿಂದಲೇ ಕಸ ಸಂಗ್ರಹಿಸುವ ಪದ್ಧತಿ ತಂದಿತು. ತೊಟ್ಟಿಯಿಲ್ಲದ ನಗರ ಎಂಬುದು ಆಗ ಧೈರ್ಯದ ಕಲ್ಪನೆ, ಈಗಲೂ ಸರಿಯಾದ ಕಲ್ಪನೆ. ಕಸ ಬೀದಿಯಲ್ಲಿ ಬಿದ್ದಿರದೆ ಕೈಯಿಂದ ಕೈಗೆ ಹೋಗಬೇಕು, ಕೊಡುವವರು ಪಡೆಯುವವರ ಮುಖ ನೋಡಬೇಕು.

ಆದರೆ ಕಸ ಮಿಶ್ರವಾಗಿಯೇ ಹೋಗುತ್ತಿತ್ತು. ಅದು ಮಾವಳ್ಳಿಪುರದಲ್ಲಿ, ಮಂಡೂರಿನಲ್ಲಿ ಬೆಟ್ಟವಾಯಿತು. ಆ ಹಳ್ಳಿಗಳ ಬಾವಿಯ ನೀರು ಕೆಟ್ಟಿತು, ಜನ ಲಾರಿಗಳಿಗೆ ಅಡ್ಡ ನಿಂತರು. 2012ರಲ್ಲಿ ಮಾವಳ್ಳಿಪುರದ ಬಾಗಿಲು ಮುಚ್ಚಿದಾಗ ನಗರದ ಬೀದಿಗಳಲ್ಲಿ ಕಸ ನಿಂತಿತು. 2014ರ ಕೊನೆಗೆ ಮಂಡೂರಿಗೂ ಲಾರಿಗಳು ಹೋಗುವುದು ನಿಂತಿತು. ನಗರದ ಅಡುಗೆಮನೆಯ ಬುಟ್ಟಿಯ ರೂಪ ತಮ್ಮ ಊರಿನ ಬಾವಿಯನ್ನು ಹೇಗೆ ಮುಟ್ಟುತ್ತದೆ ಎಂಬುದನ್ನು ಆ ಹಳ್ಳಿಯವರು ನಮಗಿಂತ ಮೊದಲು ಅರಿತಿದ್ದರು.

ಆ ಬಿಕ್ಕಟ್ಟಿನಿಂದ ಬೆಳೆದು ಬಂದದ್ದು ಎರಡು ಬುಟ್ಟಿ, ಒಂದು ಚೀಲ. ಹಸಿ ಕಸಕ್ಕೆ ಹಸಿರು ಬುಟ್ಟಿ, ಡೈಪರ್, ಪ್ಯಾಡ್, ಬ್ಯಾಂಡೇಜಿನಂಥ ತಿರಸ್ಕೃತ ಕಸಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. ಬಡಾವಣೆಗಳ ನಾಗರಿಕ ಗುಂಪುಗಳು ಪ್ರಯೋಗ ಮಾಡಿ ತೋರಿಸಿದ ಈ ಪದ್ಧತಿಯನ್ನು 2015ರ ಡಿಸೆಂಬರಿನಲ್ಲಿ ರಾಜ್ಯ ಹೈಕೋರ್ಟ್ ಇಡೀ ಬೆಂಗಳೂರಿಗೆ ಕಡ್ಡಾಯ ಮಾಡಿತು. ಕರ್ನಾಟಕದಲ್ಲಿ ಹುಟ್ಟಿದ ಒಳ್ಳೆಯ ವಿನ್ಯಾಸಗಳಲ್ಲಿ ಇದನ್ನು ನಾನು ಎಣಿಸುತ್ತೇನೆ, ಅದರಲ್ಲಿ ಹೊಸ ವಸ್ತು ಒಂದೂ ಇಲ್ಲದಿದ್ದರೂ. ಒಣ ಕಸಕ್ಕೆ ಬುಟ್ಟಿಯ ಬದಲು ಚೀಲ ಏಕೆ ಎಂಬುದರಲ್ಲೇ ಅದರ ಜಾಣ್ಮೆಯಿದೆ. ಒಣ ಕಸ ಹಗುರ, ಜಾಗ ಮಾತ್ರ ಹೆಚ್ಚು ಬೇಡುತ್ತದೆ, ದಿನವೂ ಕೊಡಬೇಕಿಲ್ಲ, ಕೊಳೆಯುವುದಿಲ್ಲ. ಚೀಲ ಬಾಗಿಲ ಹಿಂದೆ ನೇತಾಡಬಹುದು, ತುಂಬಿದಂತೆ ಹಿಗ್ಗಬಹುದು, ವಾರಕ್ಕೆರಡು ದಿನ ಬರುವವರು ಹೆಗಲಿಗೇರಿಸಬಹುದು. ಹಸಿ ಬುಟ್ಟಿ ಚಿಕ್ಕದಿರಬೇಕು, ಏಕೆಂದರೆ ಅದನ್ನು ದಿನವೂ ಖಾಲಿ ಮಾಡುತ್ತಾರೆ. ಅದಕ್ಕೆ ಪ್ಲಾಸ್ಟಿಕ್ ಲೈನರ್ ಹಾಕಬಾರದು, ಏಕೆಂದರೆ ಆ ಲೈನರನ್ನು ಗೊಬ್ಬರದ ಘಟಕದಲ್ಲಿ ಯಾರೋ ಕೈಯಿಂದ ಹರಿದು ತೆಗೆಯಬೇಕಾಗುತ್ತದೆ.

ಕೆಂಪು ಬುಟ್ಟಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಬಳಸಿದ ಪ್ಯಾಡನ್ನು, ಮಗುವಿನ ಡೈಪರನ್ನು ಬರಿಗೈಯಲ್ಲಿ ಬೇರ್ಪಡಿಸುವ ಕೆಲಸ ಎಂಥದ್ದು ಎಂಬುದನ್ನು ಮನೆಯವರು ಊಹಿಸಿಕೊಳ್ಳಲು ಹೋಗುವುದಿಲ್ಲ. 2013ರಲ್ಲಿ ಪುಣೆಯ ಕಸ ಆಯುವವರ ಸಹಕಾರಿ ಸಂಸ್ಥೆ ಸ್ವಚ್ಛ್, ಬಳಸಿದ ಪ್ಯಾಡುಗಳನ್ನು ಕಟ್ಟಿ ಅವನ್ನು ತಯಾರಿಸುವ ಕಂಪನಿಗಳಿಗೇ ಕಳುಹಿಸಿತು. ನೀವು ಮಾಡಿದ್ದನ್ನು ನಾವು ಬಿಡಿಸುತ್ತಿದ್ದೇವೆ, ಸುತ್ತಿಡಲು ಒಂದು ಹೊದಿಕೆಯನ್ನಾದರೂ ಕೊಡಿ ಎಂಬುದು ಬೇಡಿಕೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ತಯಾರಕರು ಅಂಥ ಹೊದಿಕೆ ಕೊಡಬೇಕೆಂಬ ಮಾತು ಸೇರಿತು. ಹಳೆಯ ದಿನಪತ್ರಿಕೆಯಲ್ಲಿ ಸುತ್ತಿ ಮೇಲೊಂದು ಕೆಂಪು ಚುಕ್ಕೆ ಹಾಕುವ ಪದ್ಧತಿ ಪುಣೆಯಲ್ಲೂ ಬೆಂಗಳೂರಿನಲ್ಲೂ ಪ್ರಚಾರಕ್ಕೆ ಬಂತು. ಪೆನ್ನಿನ ಒಂದು ಚುಕ್ಕೆ! ಅದು ತೊಟ್ಟಿಯಲ್ಲ, ಆದರೆ ಒಂದು ತೊಟ್ಟಿ ಮಾಡಬೇಕಾದ ಕೆಲಸವನ್ನೆಲ್ಲ ಮಾಡುತ್ತದೆ: ಒಳಗೇನಿದೆ ಎಂದು ಎತ್ತುವವರಿಗೆ ಬಿಚ್ಚದೆಯೇ ಹೇಳುತ್ತದೆ.

ಇದರ ಪಕ್ಕದಲ್ಲಿ ನಮ್ಮ ರಸ್ತೆಗಳಲ್ಲಿ ನಿಂತ ಜೋಡಿ ತೊಟ್ಟಿಗಳನ್ನು ಇಟ್ಟು ನೋಡಿ. ಎರಡು ಕಂಬಗಳ ನಡುವೆ ಹಸಿರು, ನೀಲಿ ಡಬ್ಬಿಗಳು ತೂಗುತ್ತಿರುತ್ತವೆ. ಚಿಲಕ ಬಿಚ್ಚಿ ಬೋರಲು ಮಾಡಿದರೆ ಕೆಳಗಿಟ್ಟ ಬುಟ್ಟಿಗೆ ಕಸ ಬೀಳಬೇಕು ಎಂಬುದು ಲೆಕ್ಕಾಚಾರ. ಎತ್ತುವ ಶ್ರಮ ಉಳಿಸುವ ಯೋಚನೆಯೇ ಅದು, ಮೆಚ್ಚಬೇಕು. ಆದರೆ ನಡೆಯುತ್ತ ಬಂದವರ ಕೈಯಲ್ಲಿ ಹಸಿ ಕಸ ಎಷ್ಟಿರುತ್ತದೆ? ಒಂದು ಬಾಳೆಹಣ್ಣಿನ ಸಿಪ್ಪೆ. ಉಳಿದದ್ದೆಲ್ಲ ಕಾಗದದ ಕಪ್, ಬಾಟಲಿ, ಚಿಪ್ಸ್ ಪೊಟ್ಟಣ. ಹಸಿರು ಡಬ್ಬಿ ಕೆಲಸವಿಲ್ಲದೆ ನಿಲ್ಲುತ್ತದೆ, ಅಥವಾ ಅದಕ್ಕೂ ಬಾಟಲಿಯೇ ಬೀಳುತ್ತದೆ, ಸಂಜೆ ಎರಡೂ ಒಂದೇ ಗಾಡಿಗೆ ಸುರಿಯುತ್ತವೆ. ಅದನ್ನು ಒಮ್ಮೆ ಕಣ್ಣಾರೆ ಕಂಡವರು ಮನೆಯಲ್ಲೂ ಬೇರ್ಪಡಿಸುವುದನ್ನು ಬಿಡುತ್ತಾರೆ. ಈ ಹಾನಿ ಚಿಕ್ಕದಲ್ಲ. ಎರಡು ಬಣ್ಣದ ತೊಟ್ಟಿಯ ಹಿಂದೆ ಎರಡು ವಿಭಾಗದ ಗಾಡಿ ಇರಲೇಬೇಕು. ಇಲ್ಲದಿದ್ದರೆ ಬಣ್ಣವೇ ಹಚ್ಚಬಾರದು.

2018ರ ಸುಮಾರಿಗೆ ಬೆಂಗಳೂರಿನ ಕೆಲವು ರಸ್ತೆಗಳಲ್ಲಿ ನೆಲದೊಳಗಿನ ತೊಟ್ಟಿಗಳು ಬಂದವು. ಈ ಬಗೆಯ ತೊಟ್ಟಿಯನ್ನು 1991ರಲ್ಲಿ ಫಿನ್‌ಲೆಂಡಿನ ವೈಕ್ಕೊ ಸಲ್ಲಿ ಎಂಬ ಹೋಟೆಲ್ ಉದ್ಯಮಿ ಮೊಲೊಕ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿದ್ದರು. ಹೆಚ್ಚಿನ ಭಾಗ ನೆಲದಡಿ ಇರುವುದರಿಂದ ಒಳಗೆ ತಂಪು, ವಾಸನೆ ಕಡಿಮೆ, ತುಂಬಿದ ಮೇಲೆ ಕ್ರೇನ್ ಎತ್ತುತ್ತದೆ, ಕೈ ಮುಟ್ಟಬೇಕಿಲ್ಲ. ಚಳಿಯ ನಾಡಿಗೆ, ಕ್ರೇನಿನ ಲಾರಿ ತಪ್ಪದೆ ಬರುವ ಊರಿಗೆ ಅದು ಒಳ್ಳೆಯ ವಿನ್ಯಾಸವೇ. ಇಲ್ಲಿ ಮಳೆ, ಚರಂಡಿ, ಕೇಬಲ್, ಇಕ್ಕಟ್ಟಾದ ಪಾದಚಾರಿ ದಾರಿ ಎಲ್ಲವನ್ನೂ ದಾಟಬೇಕು. ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ದೊಡ್ಡ ಬಾಯಿಯ ತೊಟ್ಟಿ ಬೀದಿಯಲ್ಲಿ ಸಿಕ್ಕಿದರೆ ಬೇರ್ಪಡಿಸದವರಿಗೆ ತಪ್ಪಿಸಿಕೊಳ್ಳುವ ಕಿಂಡಿ ಸಿಕ್ಕಂತೆ. ಬಾಗಿಲಲ್ಲಿ ಪೌರಕಾರ್ಮಿಕರು ಮಿಶ್ರ ಕಸ ತೆಗೆದುಕೊಳ್ಳುವುದಿಲ್ಲ ಎನ್ನಬಹುದು. ನೆಲದ ಗುಂಡಿ ಏನನ್ನೂ ನಿರಾಕರಿಸದು.

ಇನ್ನು ಮಾತಾಡುವ, ಸಂದೇಶ ಕಳಿಸುವ ತೊಟ್ಟಿಗಳು. ತುಂಬಿದೆ ಎಂದು ಸೆನ್ಸರ್ ತಿಳಿಸುವುದು ವಿಶಾಲವಾದ, ಕಸ ಕಡಿಮೆ ಬೀಳುವ ಜಾಗಗಳಲ್ಲಿ ವ್ಯರ್ಥ ಓಡಾಟ ತಪ್ಪಿಸುತ್ತದೆ. ನಮ್ಮ ವಾರ್ಡುಗಳಲ್ಲಿ ದಿನವೂ ಗಾಡಿ ಬರಲೇಬೇಕು. ಯಾವ ಮೂಲೆ ಎಷ್ಟು ಹೊತ್ತಿಗೆ ತುಂಬುತ್ತದೆ ಎಂಬುದು ಮೇಸ್ತ್ರಿಗೆ ಗೊತ್ತೇ ಇರುತ್ತದೆ. ಲಂಡನ್ನಿನ ಹಣಕಾಸು ಕೇಂದ್ರದಲ್ಲಿ 2012ರ ಒಲಿಂಪಿಕ್ಸಿನ ಹೊತ್ತಿಗೆ ಪರದೆ ಹೊತ್ತ ದುಬಾರಿ ತೊಟ್ಟಿಗಳು ನಿಂತವು. ಮರುವರ್ಷ ಅವುಗಳಲ್ಲಿ ಕೆಲವು ದಾರಿಹೋಕರ ಮೊಬೈಲುಗಳ ಗುರುತನ್ನು ಸಂಗ್ರಹಿಸುತ್ತಿದ್ದದ್ದು ಬಯಲಾಗಿ, 2013ರ ಆಗಸ್ಟಿನಲ್ಲಿ ನಗರಾಡಳಿತ ಅದನ್ನು ನಿಲ್ಲಿಸಲು ಹೇಳಿತು. ತೊಟ್ಟಿಯ ಮೈಯನ್ನು ಜಾಹೀರಾತಿಗೆ ಮಾರಿದಾಗ ಕಸದ ಚಿಂತೆ ಹಿಂದೆ ಸರಿಯುತ್ತದೆ.

ಹಾಗಾದರೆ ನಡೆಯುವವರು ಏನು ಮಾಡಬೇಕು? ಕೈಯಲ್ಲಿ ಕಡಲೆ ಪೊಟ್ಟಣ ಹಿಡಿದು ಮೈಲಿಗಟ್ಟಲೆ ನಡೆಯಬೇಕೇ? 1995ರ ವಿಷಾನಿಲ ದಾಳಿಯ ನಂತರ ಟೋಕಿಯೊ ತನ್ನ ನಿಲ್ದಾಣಗಳ ಬುಟ್ಟಿಗಳನ್ನು ತೆಗೆಯಿತು, ಬಹಳಷ್ಟು ಮರಳಲಿಲ್ಲ, ಜನ ಕಸವನ್ನು ಚೀಲದಲ್ಲಿಟ್ಟು ಮನೆಗೆ ಒಯ್ಯುತ್ತಾರೆ. ನಮ್ಮ ಬಸ್ ನಿಲ್ದಾಣದಲ್ಲಿ, ಸಂತೆಯಲ್ಲಿ ಅದನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಅಲ್ಲಿ ಚಿಕ್ಕ ಬುಟ್ಟಿ ಬೇಕು. ಚಿಕ್ಕದು ಎಂಬುದಕ್ಕೇ ಒತ್ತು. ಬೆಂಗಳೂರಿನಲ್ಲಿ ಹೆಸರು ಹೇಳದೆ ಕೆಲಸ ಮಾಡುವ ಅಗ್ಲಿ ಇಂಡಿಯನ್ ಗುಂಪು ರೂಪಿಸಿದ ತೇರೆಬಿನ್ ಅಂಥದ್ದು. ಚಹಾ ಕುಡಿದು ಕಪ್ ಎಸೆಯುವವರಿಗೆ ಸಾಲುವಷ್ಟು, ಮನೆಯ ಕಸದ ಗಂಟು ತುರುಕಲು ಆಗದಷ್ಟು. ಒಬ್ಬರೇ, ಒಂದು ಕೈಯಲ್ಲಿ, ಬಗ್ಗದೆ ಬರಿದು ಮಾಡಬಹುದಾದ ಗಾತ್ರವೂ ಅದೇ.

ಹಾಕುವವರು, ಎತ್ತುವವರು, ಆಯುವವರು ಮೂವರನ್ನೂ ಒಟ್ಟಿಗೆ ನೆನೆದ ತೊಟ್ಟಿ ಜರ್ಮನಿಯಲ್ಲಿದೆ. ಅಲ್ಲಿ ಪಾನೀಯದ ಬಾಟಲಿ, ಡಬ್ಬಿಗಳಿಗೆ ಠೇವಣಿ ಹಣವಿದೆ. ಹೆಚ್ಚಿನ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್. ಬಡವರು, ವಯಸ್ಸಾದವರು ಬೀದಿಯ ತೊಟ್ಟಿಗಳಲ್ಲಿ ಕೈಹಾಕಿ ಬಾಟಲಿ ಹುಡುಕುತ್ತಾರೆ. ಕಲೋನ್ ನಗರದ ವಿನ್ಯಾಸಕ ಪೌಲ್ ಕೆಟ್ಸ್ 2010ರ ದಶಕದ ಆರಂಭದಲ್ಲಿ ತೊಟ್ಟಿಯ ಸುತ್ತ ತೊಡಿಸುವ ಲೋಹದ ಬಳೆಯೊಂದನ್ನು ಮಾಡಿದ. ಬಾಟಲಿಯನ್ನು ಒಳಗೆಸೆಯುವ ಬದಲು ಆ ಬಳೆಯಲ್ಲಿ ನಿಲ್ಲಿಸಿ ಹೋಗಬಹುದು. ಬೇಕಾದವರು ಕೊಳಕಿಗೆ ಕೈಹಾಕದೆ, ತಲೆ ತಗ್ಗಿಸದೆ ಒಯ್ಯಬಹುದು. ಹಲವು ನಗರಗಳು ಅದನ್ನು ಅಳವಡಿಸಿಕೊಂಡವು. ಆ ಬಳೆಯಲ್ಲಿ ಕಾಫಿ ಕಪ್ಪುಗಳನ್ನೂ ಸಿಕ್ಕಿಸುತ್ತಾರೆ ಎಂಬ ದೂರು ಬಂತು. ಬಡತನವನ್ನು ಬಳೆ ನೀಗುವುದಿಲ್ಲ ಎಂಬ ಟೀಕೆಯೂ ಬಂತು, ಅದು ನಿಜವೇ. ಆದರೂ ಬೇರೆ ಮನುಷ್ಯರು ಈ ತೊಟ್ಟಿಗೆ ಕೈಹಾಕುತ್ತಾರೆ ಎಂಬುದನ್ನು ಒಪ್ಪಿಕೊಂಡು ಶುರುವಾದ ವಿನ್ಯಾಸ ಅದು. ಹೆಚ್ಚಿನ ವಿನ್ಯಾಸಗಳು ಅದನ್ನು ಬೀಗ ಹಾಕಿ ತಡೆಯಲು ನೋಡುತ್ತವೆ.

ಬೆಂಗಳೂರು ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಮುಂದೆಯೇ ಹೋಗಿತ್ತು. 2011ರಲ್ಲಿ ಪಾಲಿಕೆ ಕಸ ಆಯುವವರಿಗೆ ಗುರುತಿನ ಚೀಟಿ ಕೊಟ್ಟಿತು. ಅನಂತರ ವಾರ್ಡುಗಳಲ್ಲಿ ತೆರೆದ ಒಣ ಕಸ ಸಂಗ್ರಹ ಕೇಂದ್ರಗಳಲ್ಲಿ ಹಲವನ್ನು ಹಸಿರು ದಳದಂಥ ಸಂಸ್ಥೆಗಳ ಬೆಂಬಲದಿಂದ ಅವರೇ ನಡೆಸತೊಡಗಿದರು. ಪ್ಯಾರಿಸ್ 1884ರಲ್ಲಿ ಬಿಟ್ಟುಬಿಟ್ಟ ಕೊಂಡಿಯನ್ನು ಇಲ್ಲಿ ಕೂಡಿಸಲಾಯಿತು: ಮನೆಯ ಒಣ ಕಸದ ಚೀಲ, ಅದನ್ನು ಬಲ್ಲ ಕೈ, ಅದಕ್ಕೆ ಬೆಲೆ ಕೊಡುವ ಗುಜರಿ. ಈ ಸರಪಣಿ ಉಳಿಯಬೇಕಾದರೆ ಚೀಲ ಒಣಗಿಯೇ ಇರಬೇಕು. ಹಾಲಿನ ಪೊಟ್ಟಣ ತೊಳೆದು ಒಣಗಿಸಿ ಹಾಕಿದರೆ ಅದು ಸರಕು, ಹಾಗೇ ಹಾಕಿದರೆ ನಾರುವ ರದ್ದಿ.

ಹಸಿ ಕಸವನ್ನು ಎತ್ತುವ ಅಗತ್ಯವನ್ನೇ ತಪ್ಪಿಸುವ ತೊಟ್ಟಿಯೂ ಇದೇ ಊರಿನಲ್ಲಿ ರೂಪುಗೊಂಡಿತು. ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿಯಲ್ಲಿ ಓದಿದ ವಿನ್ಯಾಸಕಿ ಪೂನಂ ಬೀರ್ ಕಸ್ತೂರಿ 2006ರಲ್ಲಿ ಡೈಲಿ ಡಂಪ್ ಎಂಬ ಹೆಸರಿನಲ್ಲಿ ಸುಟ್ಟ ಮಣ್ಣಿನ ಮೂರು ಮಡಿಕೆಗಳ ಕಂಬವನ್ನು ಮನೆಗಳಿಗೆ ತಂದರು. ಮೇಲಿನ ಮಡಿಕೆಗೆ ಅಡುಗೆಮನೆಯ ಕಸ, ಅದರ ಮೇಲೊಂದು ಹಿಡಿ ತೆಂಗಿನ ನಾರಿನ ಪುಡಿ. ಅದು ತುಂಬಿದಾಗ ನಡುವಿನದರೊಡನೆ ಜಾಗ ಬದಲಿಸುತ್ತದೆ, ಕೊನೆಗೆ ಕೆಳಗಿನದಕ್ಕೆ ಇಳಿದು ಮಾಗುತ್ತದೆ. ಹಸಿ ಕಸದಲ್ಲಿ ಸಾರಜನಕ, ನೀರು ಎರಡೂ ಹೆಚ್ಚು; ನಾರಿನ ಪುಡಿ ಇಂಗಾಲ ಸೇರಿಸಿ ತೇವ ಹೀರುತ್ತದೆ, ಮಣ್ಣಿನ ಗೋಡೆಯ ಸಣ್ಣ ರಂಧ್ರಗಳು ಉಸಿರಾಡುತ್ತವೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೊಳೆತು ನಾರುವುದೇ ಮಣ್ಣಿನಲ್ಲಿ ಗೊಬ್ಬರವಾಗುತ್ತದೆ. ಬೇರೆ ಊರಿನವರೂ ಇದನ್ನು ಮಾಡಿಕೊಳ್ಳಲಿ ಎಂದು ವಿನ್ಯಾಸವನ್ನು ಅವರು ಮುಕ್ತವಾಗಿಯೇ ಇಟ್ಟರು. ಕುಂಬಾರರಿಗೆ ಕೆಲಸ, ಗಿಡಕ್ಕೆ ಗೊಬ್ಬರ, ಪೌರಕಾರ್ಮಿಕರ ಬೆನ್ನಿನಿಂದ ಅಷ್ಟು ಭಾರ ಇಳಿಯಿತು. ಹತ್ತಿಪ್ಪತ್ತು ಅಂತಸ್ತಿನ ಕಟ್ಟಡಗಳ ಪುಟ್ಟ ಮನೆಗಳಲ್ಲಿ, ಬಾಡಿಗೆಯ ಕೋಣೆಗಳಲ್ಲಿ ಇದು ಕಷ್ಟ ಎಂಬುದನ್ನು ಒಪ್ಪುತ್ತೇನೆ. ತೋಟ, ಮಾಳಿಗೆ ಇರುವವರಿಗೆ ಆ ನೆವವಿಲ್ಲ.

ಹಳ್ಳಿಗಳಿಗೆ ಬಂದರೆ, ಗ್ರಾಮ ಪಂಚಾಯಿತಿಗಳು ಈಗ ಮನೆಗೆರಡು ಬಕೆಟ್ ಹಂಚುತ್ತವೆ, ಸ್ವಸಹಾಯ ಸಂಘದ ಮಹಿಳೆಯರು ಓಡಿಸುವ ಸ್ವಚ್ಛ ವಾಹಿನಿ ಬರುತ್ತದೆ. ಆ ಹೆಣ್ಣುಮಕ್ಕಳು ಸ್ಟೀರಿಂಗ್ ಹಿಡಿದು ಬರುವುದು ನನಗೆ ಹೆಮ್ಮೆಯ ನೋಟ. ಬಕೆಟ್‌ಗಳ ಗತಿ ಮಾತ್ರ ಬೇರೆ: ಬಹಳ ಮನೆಗಳಲ್ಲಿ ಅವು ನೀರು ತುಂಬಲು, ಹಿಂಡಿ ನೆನೆಹಾಕಲು ಹೋಗಿವೆ. ಇದು ಜನರ ತಪ್ಪಲ್ಲ. ಹಸಿ ಕಸಕ್ಕೆ ಅಲ್ಲಿ ಬಾನಿ ಇದೆ, ದನ ಇದೆ, ಹಿತ್ತಲಲ್ಲಿ ತಿಪ್ಪೆ ಇದೆ. ಅವರ ಬಳಿ ಇಲ್ಲದ್ದು ಶಾಂಪೂ ಚೀಟಿ, ಗುಟ್ಕಾ ಪೊಟ್ಟಣ, ಔಷಧದ ಬಾಟಲಿ ಇಡಲು ಒಂದು ಜಾಗ. ಜಗುಲಿಯ ಗೂಟಕ್ಕೆ ತೂಗುವ ಒಂದು ಗಟ್ಟಿ ಚೀಲ ಸಾಕಿತ್ತು, ಅರ್ಧ ಖರ್ಚಿನಲ್ಲಿ ಆಗುತ್ತಿತ್ತು.

ನನ್ನ ಬೇಡಿಕೆ ಟೆಂಡರಿನ ಪುಟಗಳಿಗೆ ಸಂಬಂಧಿಸಿದ್ದು. ತೊಟ್ಟಿ ಕೊಳ್ಳುವ ಟೆಂಡರುಗಳು ಲೀಟರು, ಪ್ಲಾಸ್ಟಿಕ್ಕಿನ ದಪ್ಪ, ಬಣ್ಣ, ಲೋಗೋದ ಅಳತೆ ನಮೂದಿಸುತ್ತವೆ. ಅವುಗಳಲ್ಲಿ ಇನ್ನೂ ಕೆಲವು ಸಾಲುಗಳು ಸೇರಬೇಕು. ಒಬ್ಬರೇ ಎತ್ತಬೇಕಾದ ತೊಟ್ಟಿ ಹಸಿ ಕಸದಿಂದ ತುಂಬಿದಾಗ ಇಪ್ಪತ್ತು ಕಿಲೋ ದಾಟಬಾರದು. ಅದಕ್ಕಿಂತ ದೊಡ್ಡದನ್ನು ಕೊಳ್ಳುವುದಾದರೆ ಎತ್ತುವ ಕೊಂಡಿಯಿರುವ ಗಾಡಿಯನ್ನೂ ಜೊತೆಗೇ ಕೊಳ್ಳಬೇಕು. ಬರಿದು ಮಾಡುವಾಗ ಕೈ ಒಳಗೆ ಹೋಗುವಂತಿರಬಾರದು. ಯಾವ ಮಾದರಿಯನ್ನೇ ಆಗಲಿ ಸಾವಿರಗಟ್ಟಲೆ ಕೊಳ್ಳುವ ಮೊದಲು ಒಂದು ವಾರ್ಡಿನ ಪೌರಕಾರ್ಮಿಕರು ಒಂದು ಮಳೆಗಾಲ ಪೂರ್ತಿ ಅದನ್ನು ಬಳಸಿ ನೋಡಬೇಕು, ಬೇಡ ಎಂದರೆ ಆ ಮಾತು ದಾಖಲಾಗಿ ಮಾದರಿ ಹಿಂದಕ್ಕೆ ಹೋಗಬೇಕು. ಆಯ್ಕೆ ಸಮಿತಿಯಲ್ಲಿ ಎಂಜಿನಿಯರರ ಪಕ್ಕದ ಕುರ್ಚಿಯಲ್ಲಿ ತಳ್ಳುಗಾಡಿ ನಡೆಸುವ ಒಬ್ಬ ಮಹಿಳೆ ಕೂರಬೇಕು, ಆ ದಿನದ ಕೂಲಿ ಕಡಿತವಾಗದೆ.